ಆಕಳು ಗಬ್ಬ ನಿಲ್ಲದಿದ್ದರೆ: ಮೇವು, ಸೆಮೆನ್, ಹೋರಿ, ಹಾರ್ಮೋನು – ಯಾವುದು ಯಾವಾಗ?

ಈದು ಆರು ತಿಂಗಳಾಯಿತು. ಮೂರು ಸಲ ಸೆಮೆನ್ (ಹೋರಿಯ ವೀರ್ಯ) ಹಾಕಿಸಿ ಆಯಿತು. ಮೂರೂ ಸಲ ಆಕಳು ತಿರುಗಿ ಬೆದೆಗೆ ಬಂತು. ಹಾಲು ಇಳಿಯುತ್ತಾ ಹೊರಟಿದೆ, ಹಿಂಡಿಯ ಖರ್ಚು ಹಾಗೇ ಇದೆ. ಕುಂದಗೋಳದಿಂದ ಹಿಡಿದು ಹಿರೇಕೆರೂರಿನವರೆಗೆ ನಾಲ್ಕೈದು ದನ ಕಟ್ಟಿಕೊಂಡವರ ಮನೆಯಲ್ಲಿ ಒಂದಲ್ಲ ಒಂದು ವರ್ಷ ಈ ತಾಪತ್ರಯ ಇದ್ದದ್ದೇ.

ಇಂಥ ಹೊತ್ತಿನಲ್ಲಿ ಸಲಹೆ ಕೊಡುವವರು ಬಹಳ. ಡೈರಿಗೆ ಹಾಲು ಹಾಕಲು ಹೋದರೆ ಒಬ್ಬರು, "ಅಣ್ಣಾರ, ಸುಮ್ನ ಯಾಕ ರೊಕ್ಕ ಕಳೀತೀರಿ, ಒಮ್ಮೆ ಹೋರಿ ಕೊಡಸ್ರಿ, ನಿಂತೇ ನಿಲ್ತೈತಿ" ಅನ್ನುತ್ತಾರೆ. ಔಷಧಿ ಅಂಗಡಿಯವರು ಮಿನರಲ್ ಮಿಕ್ಸ್ಚರ್ ಪಾಕೀಟು ಮುಂದಿಡುತ್ತಾರೆ. ಮತ್ತೊಬ್ಬರು ಹಾರ್ಮೋನು ಇಂಜೆಕ್ಷನ್ ಕೊಡಿಸಿ ಅನ್ನುತ್ತಾರೆ. ಇನ್ನೊಬ್ಬರು "ಸಂತಿಗೆ ಹೊಡದ್ಬಿಡ್ರಿ" ಅಂತ ಮಾತು ಮುಗಿಸುತ್ತಾರೆ. ಈ ನಾಲ್ಕೂ ಸಲಹೆ ಯಾವುದೋ ಒಂದು ಆಕಳಿಗೆ ಸರಿಯೇ. ಎಲ್ಲ ಆಕಳಿಗೂ ಒಗ್ಗುವ ಸಲಹೆ ಮಾತ್ರ ಇವುಗಳಲ್ಲಿ ಒಂದೂ ಇಲ್ಲ.

ನಿಮ್ಮ ಆಕಳಿಗೆ ಏನಾಗಿದೆ ಅಂತ ತಿಳಿಯದೆ ಯಾವ ದಾರಿ ಹಿಡಿದರೂ ಕೈಬಿಟ್ಟು ಹೋಗುವುದು ದಿನಗಳು. ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆ ತಪ್ಪಿತು ಅಂದರೆ ಮೂರು ವಾರ ಹೋಯಿತು. ಮೇವು, ಹಿಂಡಿ ಸೇರಿ ದಿನಕ್ಕೆ 150 ರೂಪಾಯಿ ಅಂತ ಹಿಡಿದರೂ ಮೂರು ವಾರಕ್ಕೆ 3,150 ರೂಪಾಯಿ. ಅದಕ್ಕೇ ಔಷಧಿಯ ಬೆಲೆ ಕೇಳುವ ಮೊದಲು ಆಕಳಿನ ಸ್ಥಿತಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೂರರಲ್ಲಿ ನಿಮ್ಮ ಆಕಳು ಯಾವುದು?

ಒಂದು, ಬೆದೆಗೇ ಬಾರದ ಆಕಳು. ಎರಡು, ಲೆಕ್ಕ ತಪ್ಪದೆ ಬೆದೆಗೆ ಬರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಮೂರು, ಗಬ್ಬ ನಿಂತು ನಡುವೆ ಕಂದು ಹಾಕುವ, ಅಂದರೆ ದಿನ ತುಂಬುವ ಮೊದಲೇ ಕರು ಬೀಳುವ ಆಕಳು. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಇವುಗಳಿಗೂ ಮೊದಲು ಇನ್ನೊಂದನ್ನು ನೋಡಬೇಕು. ಬೆದೆಗೆ ಬಂದಿಲ್ಲ ಅಂತ ಡಾಕ್ಟರನ್ನು ಕರೆಸಿ, ಅವರು ಕೈ ಹಾಕಿ ನೋಡಿದರೆ ಆಕಳು ಗಬ್ಬ ಇರುವುದು ಉಂಟು. ಮೇಯಲು ಬಿಟ್ಟಾಗ ಊರ ಹೋರಿ ಹತ್ತಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಂಥ ಆಕಳಿಗೆ ಬೆದೆ ಬರಿಸುವ ಇಂಜೆಕ್ಷನ್ ಬಿದ್ದರೆ ಇದ್ದ ಗಬ್ಬವೂ ಹೋಗುತ್ತದೆ. ಹಾಗಾಗಿ ಯಾವ ಔಷಧಿಗೂ ಮೊದಲು ಗಬ್ಬ ಪರೀಕ್ಷೆ ಆಗಲೇಬೇಕು. ಕೈ ಹಾಕಿ ನೋಡುವುದಾದರೆ ಎರಡು ತಿಂಗಳ ಮೇಲೆ ಖಚಿತವಾಗಿ ತಿಳಿಯುತ್ತದೆ. ಸ್ಕ್ಯಾನಿಂಗ್ ಇದ್ದಲ್ಲಿ ಒಂದು ತಿಂಗಳಿಗೇ ಕಾಣುತ್ತದೆ.

ಇನ್ನು ಸುಮ್ಮನೆ ಗಾಬರಿಯಾಗುವವರೂ ಇದ್ದಾರೆ. ಈದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಒಂದೂವರೆ ತಿಂಗಳು ಬೇಕು. ಅದಕ್ಕೇ 60 ದಿನ ಆಗುವವರೆಗೆ ಬೆದೆ ಕಂಡರೂ ಬಿಟ್ಟುಬಿಡುವುದು ಒಳ್ಳೆಯದು. ಗುರುತು ಹಾಕಿ ಇಟ್ಟುಕೊಳ್ಳಿ, ಸಾಕು. 90 ದಿನ ದಾಟಿದರೂ ಬೆದೆಯೇ ಕಾಣಲಿಲ್ಲ ಅಂದರೆ ಡಾಕ್ಟರನ್ನು ಕರೆಸಿ. ಸೆಮೆನ್ ಹಾಕಿಸಿದ್ದು ಒಂದೆರಡು ಸಲ ನಿಲ್ಲಲಿಲ್ಲ ಅಂದ ಮಾತ್ರಕ್ಕೆ ಅದು ರೋಗ ಆಗುವುದಿಲ್ಲ. ನಮ್ಮ ಹಳ್ಳಿಗಳ ಸ್ಥಿತಿಯಲ್ಲಿ ಹತ್ತು ಆಕಳಿಗೆ ಹಾಕಿದರೆ ಒಂದೇ ಸಲಕ್ಕೆ ನಿಲ್ಲುವುದು ಮೂರೋ ನಾಲ್ಕೋ. ಮೂರು ಸಲ ಸರಿಯಾಗಿ ಹಾಕಿಸಿಯೂ ನಿಲ್ಲದಿದ್ದಾಗ ಕಾರಣ ಹುಡುಕಬೇಕು.

ಮಣಕಗಳ, ಅಂದರೆ ಇನ್ನೂ ಒಮ್ಮೆಯೂ ಈಯದ ಹರೆಯದ ಆಕಳುಗಳ ಲೆಕ್ಕ ಬೇರೆ. ಮಣಕಕ್ಕೆ ವಯಸ್ಸಿಗಿಂತ ತೂಕ ಮುಖ್ಯ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಥವಾ ಜರ್ಸಿ ಮಿಶ್ರತಳಿಯ ಮಣಕ ಸುಮಾರು 250 ಕಿಲೋ ತೂಗಬೇಕು. ಎರಡು ವರ್ಷ ತುಂಬಿದ್ದರೂ ಮೈ ತುಂಬಿಲ್ಲ ಅಂದರೆ ಬೆದೆ ಬರುವುದಿಲ್ಲ, ಅದು ಅದರ ತಪ್ಪಲ್ಲ. ಒಂದು ಮಾತ್ರ ವಿಚಾರಿಸಿ: ಈ ಮಣಕ ಅವಳಿಯಾಗಿ, ಹೋರಿಗರುವಿನ ಜೊತೆ ಹುಟ್ಟಿದ್ದಾ? ಹಾಗೆ ಹುಟ್ಟಿದ ಹೆಣ್ಣುಗರುಗಳಲ್ಲಿ ಹತ್ತಕ್ಕೆ ಒಂಬತ್ತು ಜನ್ಮಕ್ಕೇ ಗೊಡ್ಡು. ಅದಕ್ಕೆ ಯಾವ ಮದ್ದೂ ಇಲ್ಲ. ಕೊಳ್ಳುವಾಗಲೇ ಕೇಳಬೇಕಾದ ಮಾತಿದು.

ಮೇವು ಮತ್ತು ಮಿನರಲ್: ಅಗ್ಗದ ದಾರಿ, ನಿಧಾನದ ದಾರಿ

ಬೆದೆಗೇ ಬಾರದ ಆಕಳಿಗೆ ಮೊದಲು ಹಿಡಿಯಬೇಕಾದ ದಾರಿ ಇದು. ಆಕಳಿನ ಪಕ್ಕದಲ್ಲಿ ನಿಂತು ನೋಡಿ. ಪಕ್ಕೆಲುಬು ದೂರದಿಂದಲೇ ಎಣಿಸಲು ಬರುತ್ತಿದ್ದರೆ, ಬಾಲದ ಬುಡದ ಎರಡೂ ಕಡೆ ಗುಂಡಿ ಬಿದ್ದಿದ್ದರೆ ಆಕಳು ಹಸಿದಿದೆ ಅಂತಲೇ ಅರ್ಥ. ಹೊಟ್ಟೆ ತುಂಬಿ ಉಬ್ಬಿರಬಹುದು, ಆದರೆ ಮೈಗೆ ಹತ್ತಿಲ್ಲ. ಈದ ಹೊಸದರಲ್ಲಿ ಜಾಸ್ತಿ ಹಾಲು ಕೊಡುವ ಎಚ್‌ಎಫ್ ಆಕಳು ತಿಂದದ್ದಕ್ಕಿಂತ ಹೆಚ್ಚು ಹಾಲಿಗೆ ಹಾಕುತ್ತದೆ. ಮೈಯಲ್ಲಿದ್ದದ್ದನ್ನೇ ಕರಗಿಸಿ ಕೊಡುತ್ತದೆ. ಅಂಥ ಹೊತ್ತಿನಲ್ಲಿ ಅದರ ಅಂಡಕೋಶ ಕೆಲಸ ನಿಲ್ಲಿಸಿಬಿಡುತ್ತದೆ.

ನಮ್ಮ ಬಯಲುಸೀಮೆಯ ಗೋದಲಿಯಲ್ಲಿ ಬೀಳುವುದು ಬಹುಪಾಲು ಒಣಮೇವು. ಜೋಳದ ಕಣಕಿ, ಶೇಂಗಾ ಹೊಟ್ಟು, ಕಡಲೆ ಹೊಟ್ಟು, ಗೋಧಿ ಹೊಟ್ಟು. ಕಣಕಿ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಬರೀ ಅದರ ಮೇಲೆ ನಿಂತ ಆಕಳಿಗೆ ರಂಜಕ, ತಾಮ್ರ, ಸತುವು ಸಾಲುವುದಿಲ್ಲ. ಹಸಿಮೇವಿನಿಂದ ಸಿಗುವ ಎ ಜೀವಸತ್ವವೂ ಸಿಗುವುದಿಲ್ಲ. ರೋಣ, ನರಗುಂದ, ಮುಂಡರಗಿ ಕಡೆ ಫೆಬ್ರವರಿಯಿಂದ ಮೇ ತಿಂಗಳವರೆಗೆ ಹಸಿರು ಕಾಣದ ದನಗಳು ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ತಾವಾಗಿಯೇ ಬೆದೆಗೆ ಬರುವುದನ್ನು ನೀವೂ ನೋಡಿರುತ್ತೀರಿ.

ಇಲ್ಲಿ ಬಹಳ ಜನ ಪಾಕೀಟನ್ನೇ ನಂಬುತ್ತಾರೆ. ಮಿನರಲ್ ಮಿಕ್ಸ್ಚರ್ ದಿನಕ್ಕೆ 50 ಗ್ರಾಂ, ಉಪ್ಪು 30 ಗ್ರಾಂ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲುಬು ಕಾಣುವ ಆಕಳಿಗೆ ಬರೀ ಪಾಕೀಟು ಕೊಟ್ಟರೆ ಏನೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಕಾಳು-ಹಿಂಡಿ. ಮೈ ಕಾಯ್ದುಕೊಳ್ಳಲು ಒಂದರಿಂದ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಗೋವಿನಜೋಳ ಮನೆಯಲ್ಲೇ ಇರುತ್ತದೆ. ಅದನ್ನು ನುಚ್ಚು ಮಾಡಿ ಹಿಂಡಿಯ ಜೊತೆ ಬೆರೆಸಿದರೆ ಖರ್ಚೂ ಹಗುರ. ಕಾಳು ಕಟ್ಟುವಾಗಿನ ಗೋವಿನಜೋಳ ಕತ್ತರಿಸಿ ರಸಮೇವು (ಸೈಲೇಜ್) ಮಾಡಿಟ್ಟುಕೊಂಡರೆ ಬೇಸಿಗೆ ದಾಟುತ್ತದೆ. ಹಸಿಮೇವಿನ ಬೀಜ, ಬೇರುಕಡ್ಡಿಯ ಬಗ್ಗೆ ಧಾರವಾಡದಲ್ಲಿ ವಿಚಾರಿಸಬಹುದು. ಅಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಭಾಗದ ಕೇಂದ್ರವೂ ಇದೆ.

ಮೇವಿನ ಜೊತೆಗೆ ಜಂತಿನ ಔಷಧಿ ಕುಡಿಸಿ. ಆಮೇಲೆ ಒಂದೆರಡು ತಿಂಗಳು ಕಾಯಬೇಕು. ವಾರದಲ್ಲಿ ಫಲ ಕಾಣುವ ದಾರಿ ಇದಲ್ಲ.

ಮೈ ತುಂಬಿಕೊಂಡು ಹೊಳೆಯುವ ಆಕಳಿಗೆ ಈ ದಾರಿಯಿಂದ ಏನೂ ಸಿಗುವುದಿಲ್ಲ. ಅದಕ್ಕೆ ಮತ್ತಷ್ಟು ಹಿಂಡಿ ಹಾಕುತ್ತಾ ಕೂತರೆ ಕೊಬ್ಬು ಏರಿ ಗಬ್ಬ ನಿಲ್ಲುವುದು ಇನ್ನೂ ಕಷ್ಟ.

ಬೆದೆ ನೋಡುವುದು: ಖರ್ಚಿಲ್ಲ, ಆದರೆ ಕಣ್ಣು ಬೇಕು

ಎಲ್ಲ ದಾರಿಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಯಾಕೆಂದರೆ ಬೆದೆಗೆ ಬಂದಿಲ್ಲ ಅನ್ನುವ ಆಕಳುಗಳಲ್ಲಿ ಬಹಳಷ್ಟು ಬೆದೆಗೆ ಬಂದು ಹೋಗಿರುತ್ತವೆ, ನೋಡಿದವರು ಇರುವುದಿಲ್ಲ. ಗಬ್ಬ ನಿಲ್ಲುತ್ತಿಲ್ಲ ಅನ್ನುವ ಆಕಳುಗಳಲ್ಲಿ ಬಹಳಷ್ಟಕ್ಕೆ ಹೊತ್ತು ಮೀರಿ ಸೆಮೆನ್ ಬಿದ್ದಿರುತ್ತದೆ.

ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಅದೂ ರಾತ್ರಿ, ನಸುಕಿನಲ್ಲಿ ಜಾಸ್ತಿ. ನಾವು ಎದ್ದು ಹಾಲು ಹಿಂಡುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಗೂಟಕ್ಕೆ ಕಟ್ಟಿದ ಆಕಳು ಬೇರೆ ದನದ ಮೇಲೆ ಹತ್ತಿ ತೋರಿಸುವ ಹಾಗಿಲ್ಲ. ಜವಾರಿ ಆಕಳು ಕೂಗುವುದೂ ಕಡಿಮೆ. ಹಾಗಾಗಿ ನಾವೇ ಹತ್ತಿರ ಹೋಗಿ ನೋಡಬೇಕು.

ನಸುಕಿನಲ್ಲಿ ಸಗಣಿ ಬಳಿಯುವ ಮೊದಲು ಆಕಳು ಮಲಗಿದ್ದ ಜಾಗ ನೋಡಿ. ಹಿಂಗಾಲ ಹತ್ತಿರ ನೆಲದ ಮೇಲೆ ಮೊಟ್ಟೆಯ ಬಿಳಿಯಂಥ ಲೋಳೆ ಬಿದ್ದಿರುತ್ತದೆ. ಎರಡು ಬೆರಳಲ್ಲಿ ತೆಗೆದು ಬಿಡಿಸಿದರೆ ಹರಿಯದೆ ದಾರದ ಹಾಗೆ ಉದ್ದ ಬರುತ್ತದೆ. ಬಾಲದ ಒಳಬದಿಯಲ್ಲಿ, ತೊಡೆಯ ಮೇಲೆ ಅದೇ ಲೋಳೆ ಒಣಗಿ ಹೊಳೆಯುವ ಪೊರೆಯಾಗಿ ಹತ್ತಿರುತ್ತದೆ. ಯೋನಿಯ ತುಟಿ ಉಬ್ಬಿ, ಅದರ ಮೇಲಿನ ಸುಕ್ಕು ಬಿಟ್ಟಿರುತ್ತದೆ. ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತದೆ. ಮೇವು ಬಿಡುತ್ತದೆ. ಆ ಹೊತ್ತಿನ ಹಾಲು ಒಂದು ಲೀಟರ್ ಕಡಿಮೆ ಬಂದರೂ ಬರಬಹುದು. ಸಾಧ್ಯವಿದ್ದರೆ ಬೆಳಿಗ್ಗೆ, ಸಂಜೆ ಇಪ್ಪತ್ತು ನಿಮಿಷ ಅಂಗಳದಲ್ಲಿ ಬಿಚ್ಚಿ ಬಿಡಿ. ಬೇರೆ ದನ ಮೈಮೇಲೆ ಹತ್ತಿದಾಗ ಕದಲದೆ ನಿಂತ ಆಕಳೇ ಬೆದೆಯ ಆಕಳು.

ಹೊತ್ತಿನ ಲೆಕ್ಕ ಸುಲಭ. ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ ಸೆಮೆನ್ ಹಾಕಿಸಿ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಯಾಕೆಂದರೆ ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು ಹತ್ತು-ಹನ್ನೆರಡು ಗಂಟೆಯ ಮೇಲೆ. ಬೆದೆ ಮುಗಿದ ಎರಡನೇ ಮೂರನೇ ದಿನ ಕೆಲವು ಆಕಳು, ಅದರಲ್ಲೂ ಮಣಕಗಳು, ಸ್ವಲ್ಪ ರಕ್ತ ತೋರಿಸುತ್ತವೆ. ಗಬ್ಬ ಹೋಯಿತು ಅಂತ ಅಂಜಬೇಡಿ. ಆ ದಿನ ಸೆಮೆನ್ ಹಾಕಿಸಲೂ ಓಡಬೇಡಿ, ಹೊತ್ತು ಮೀರಿದೆ. ಆ ತಾರೀಖಿಗೆ ಗುರುತು ಹಾಕಿ, ಅಲ್ಲಿಂದ 18ನೇ ದಿನದ ಮೇಲೆ ಕಣ್ಣಿಡಿ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಈದ ದಿನ, ಬೆದೆಯ ದಿನ, ಸೆಮೆನ್ ಹಾಕಿದ ದಿನ ಬರೆದಿಡುವ ಮನೆಗಳಲ್ಲಿ ಡಾಕ್ಟರ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಬೆದೆಗಳ ನಡುವೆ 21 ದಿನ ಇದೆಯೋ, 35-40 ದಿನ ಇದೆಯೋ, 8-10 ದಿನಕ್ಕೇ ಬರುತ್ತಿದೆಯೋ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. 21 ಇದ್ದರೆ ಚಕ್ರ ಸರಿ ಇದೆ. 35-40 ಇದ್ದರೆ ಗಬ್ಬ ನಿಂತು ಸಣ್ಣದರಲ್ಲೇ ಹೋಗಿರಬಹುದು. ಮತ್ತೆ ಮತ್ತೆ ಬೇಗ ಬಂದು, ಬಿಡದೆ ಕೂಗುತ್ತಾ, ಹೋರಿಯ ಹಾಗೆ ಬೇರೆ ದನಗಳ ಮೇಲೆ ಹತ್ತುತ್ತಿದ್ದರೆ ಅಂಡಕೋಶದಲ್ಲಿ ನೀರಿನ ಗುಳ್ಳೆ ಆಗಿರುವ ಅನುಮಾನ. ಅದಕ್ಕೆ ಮೇವೂ ಹೋರಿಯೂ ಪರಿಹಾರ ಆಗುವುದಿಲ್ಲ, ಡಾಕ್ಟರೇ ಬೇಕು.

ಸೆಮೆನ್ ಹಾಕಿಸುವುದಾ, ಹೋರಿ ಕೊಡಿಸುವುದಾ?

ನಮ್ಮ ಕಡೆ ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೆ. ಹೋರಿಯ ಪರ ಮಾತಾಡುವವರ ಮಾತಿನಲ್ಲಿ ಸತ್ಯ ಇದೆ. ಹೋರಿಗೆ ಹೊತ್ತು ತಪ್ಪುವುದಿಲ್ಲ. ಆಕಳು ನಿಲ್ಲುವವರೆಗೆ ಅದು ಕಾಯುತ್ತದೆ, ಬೇಕಾದರೆ ಎರಡು ಮೂರು ಸಲ ಹತ್ತುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಹೊತ್ತು ನೋಡಬೇಕಾದವರು ನಾವು. ಅದರ ಮೇಲೆ ಹಾಕುವವರ ಕೈಚಳಕವೂ ಸೇರುತ್ತದೆ. ಸೆಮೆನ್ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತದೆ. ಹೊರಗೆ ತೆಗೆದ ಕೂಡಲೇ 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಅದ್ದಬೇಕು. ಆಮೇಲೆ ತಡ ಮಾಡದೆ, ಗರ್ಭಕೋಶದ ಕುತ್ತಿಗೆ ದಾಟಿಸಿ ಬಿಡಬೇಕು. ಕಡ್ಡಿಯನ್ನು ಅಂಗೈಯಲ್ಲಿ ತಿಕ್ಕಿ ಕರಗಿಸುವವರನ್ನು ಕಂಡರೆ ಬೆಚ್ಚನೆ ನೀರು ನೀವೇ ತಂದುಕೊಡಿ, ಸಂಕೋಚ ಬೇಡ.

ಹಾಗಾದರೆ ಹೋರಿಯೇ ಲೇಸಾ? ದೋಷ ಹೊತ್ತಿನದ್ದು ಅಥವಾ ಹಾಕುವ ಕೈಯದ್ದು ಆಗಿದ್ದರೆ ಮಾತ್ರ ಹೋರಿಯಿಂದ ಲಾಭ. ಗರ್ಭಕೋಶದಲ್ಲಿ ಸೋಂಕಿದ್ದರೆ ಹೋರಿ ಹತ್ತಿದರೂ ಅಷ್ಟೇ, ಸೆಮೆನ್ ಹಾಕಿದರೂ ಅಷ್ಟೇ. ಮೇಲಾಗಿ ಆ ಸೋಂಕು ಹೋರಿಗೆ ಹತ್ತಿ, ಅಲ್ಲಿಂದ ಊರಿನ ಬೇರೆ ಆಕಳುಗಳಿಗೆ ಹೋಗುತ್ತದೆ. ಬಸವಣ್ಣನ ಗುಡಿಗೆ ಬಿಟ್ಟ ಹೋರಿ ಇಡೀ ಊರಿಗೆ ಒಂದೇ. ಅದರ ರಕ್ತ ಪರೀಕ್ಷೆ ಮಾಡಿಸಿದವರು ಯಾರು? ಕಂದು ಹಾಕುವ ರೋಗ, ಗಬ್ಬವನ್ನು ಸಣ್ಣದರಲ್ಲೇ ಕೊಲ್ಲುವ ಜನನಾಂಗದ ಬೇರೆ ರೋಗಗಳು ಹೋರಿಯ ಮೂಲಕ ಹರಡಬಲ್ಲವು. ಎರಡು ಮೂರು ವರ್ಷ ಒಂದೇ ಹೋರಿ ಇದ್ದರೆ ಅದು ತನ್ನ ಮಗಳ ಮೇಲೇ ಹತ್ತುತ್ತದೆ, ತಳಿ ಕೆಡುತ್ತದೆ. ಹೋರಿ ದೊಡ್ಡದಿದ್ದು ಜವಾರಿ ಮಣಕ ಸಣ್ಣದಿದ್ದರೆ ಈಯುವಾಗ ಕರು ಸಿಕ್ಕಿಕೊಳ್ಳುವ ಅಪಾಯ ಬೇರೆ. ಆ ಅಪಾಯ ಎಚ್‌ಎಫ್ ಸೆಮೆನ್‌ನಲ್ಲೂ ಇದೆ. ಸಣ್ಣ ಆಕಳಿಗೆ ಜರ್ಸಿ ಅಥವಾ ಜವಾರಿ ತಳಿಯ ಸೆಮೆನ್ ಕೇಳಿ.

ನನ್ನ ಅಭಿಪ್ರಾಯ ಹೀಗೆ. ಸೆಮೆನ್ ಮೊದಲು. ಮೂರು ಸಲ ತಪ್ಪಿದರೆ ಗರ್ಭಕೋಶ ತಪಾಸಣೆ. ಸೋಂಕಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ರೋಗವಿಲ್ಲದ, ಪರೀಕ್ಷೆ ಆದ ಹೋರಿ ಸಿಕ್ಕರೆ ಒಮ್ಮೆ ಕೊಡಿಸಿ ನೋಡಲು ಅಡ್ಡಿ ಇಲ್ಲ. ಹೋರಿಯನ್ನು ಮೊದಲ ದಾರಿ ಮಾಡಿಕೊಳ್ಳಬೇಡಿ.

ಹೆಣ್ಣುಗರುವನ್ನೇ ಕೊಡುವ ಸೆಮೆನ್ ಈಗ ಸಿಗುತ್ತಿದೆ. ಹತ್ತಕ್ಕೆ ಒಂಬತ್ತು ಹೆಣ್ಣು ಅಂದರೆ ಯಾರಿಗೆ ಆಸೆ ಆಗುವುದಿಲ್ಲ? ಆದರೆ ಮಾಮೂಲಿ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಅದರ ಹತ್ತನೇ ಒಂದು ಪಾಲು. ನಿಲ್ಲುವ ಪ್ರಮಾಣವೂ ಕಡಿಮೆ. ಇದನ್ನು ಚೆನ್ನಾಗಿ ಬೆದೆಗೆ ಬರುವ, ಆರೋಗ್ಯದ ಮಣಕಕ್ಕೆ ಇಟ್ಟುಕೊಳ್ಳಿ. ಮೂರು ಸಲ ತಪ್ಪಿದ ಆಕಳಿಗೆ ಬೇಡ.

ಬೇಸಿಗೆಯ ಒಂದು ಮಾತು. ಏಪ್ರಿಲ್, ಮೇ ಬಿಸಿಲಿನಲ್ಲಿ ಎಚ್‌ಎಫ್ ಆಕಳು ಗಬ್ಬ ನಿಲ್ಲುವುದು ಕಡಿಮೆ. ನಿಂತರೂ ಮೊದಲ ವಾರಗಳಲ್ಲೇ ಕಳೆದುಹೋಗಬಹುದು. ತಗಡಿನ ಕೆಳಗೆ ಕಟ್ಟಿದ್ದರೆ ಮೇಲೆ ಕಣಕಿ ಹೊದಿಸಿ, ಮಧ್ಯಾಹ್ನ ಮೈಮೇಲೆ ನೀರು ಹಾಕಿ, ನಸುಕಿನಲ್ಲಿ ಅಥವಾ ತಂಪು ಹೊತ್ತಿನಲ್ಲಿ ಸೆಮೆನ್ ಹಾಕಿಸಿ. ಹಾಕಿಸಿದ ಕೂಡಲೇ ಆಕಳನ್ನು ಓಡಾಡಿಸಬೇಡಿ.

ಹಾರ್ಮೋನು ಮತ್ತು ಗರ್ಭಕೋಶದ ಔಷಧಿ: ಯಾರಿಗೆ ಬೇಕು, ಯಾರಿಗೆ ಬೇಡ

ಎರಡೂ ಡಾಕ್ಟರ ಕೈಯಲ್ಲೇ ಆಗಬೇಕಾದ ಕೆಲಸ, ಆದರೆ ಎರಡೂ ಒಂದೇ ಅಲ್ಲ.

ಹಾರ್ಮೋನಿನಲ್ಲಿ ಸಾಮಾನ್ಯವಾಗಿ ಮೂರು ಬಗೆ ಕೇಳುತ್ತೀರಿ. ಒಂದು ಪ್ರೋಸ್ಟಗ್ಲಾಂಡಿನ್ ಇಂಜೆಕ್ಷನ್. ಅಂಡಕೋಶದ ಮೇಲೆ, ಅಂಡ ಬಿಟ್ಟ ಜಾಗದಲ್ಲಿ ಬೆಳೆಯುವ ಹಳದಿ ಗಂಟು ಇದ್ದಾಗ ಮಾತ್ರ ಇದು ಕೆಲಸ ಮಾಡುತ್ತದೆ. ಗಂಟು ಕರಗಿ ಎರಡರಿಂದ ಐದು ದಿನದಲ್ಲಿ ಬೆದೆ ಬರುತ್ತದೆ. ಚಕ್ರ ನಡೆಯುತ್ತಿದ್ದು ಬೆದೆ ಗುಪ್ತವಾಗಿರುವ ಆಕಳಿಗೆ ಇದು ಒಳ್ಳೆಯ ದಾರಿ. ಅಂಡಕೋಶವೇ ಮಲಗಿರುವ ಬಡಕಲು ಆಕಳಿಗೆ ಎಷ್ಟು ಕೊಟ್ಟರೂ ದಂಡ. ಗಬ್ಬ ಇರುವ ಆಕಳಿಗೆ ಬಿದ್ದರೆ ಗಬ್ಬ ಹೋಗುತ್ತದೆ. ಬಸುರಿ ಹೆಂಗಸರು ಈ ಔಷಧಿಯ ಬಾಟಲಿ, ಸಿರಿಂಜು ಮುಟ್ಟಬಾರದು.

ಇನ್ನೊಂದು, ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ ಸಾಧನ. ಏಳೆಂಟು ದಿನ ಒಳಗಿಟ್ಟು, ತೆಗೆಯುವ ಹೊತ್ತಿಗೆ ಇಂಜೆಕ್ಷನ್ ಕೊಟ್ಟರೆ ಬೆದೆ ಬರುತ್ತದೆ. ಬೆದೆಗೇ ಬಾರದ ಆಕಳಿಗೂ ಇದು ನಡೆಯುತ್ತದೆ, ಆದರೆ ಮೈ ತುಂಬಿರಬೇಕು. ಖರ್ಚು ಜಾಸ್ತಿ. ಮೂರನೆಯದು ದಿನ ಲೆಕ್ಕ ಹಾಕಿ ಕೊಡುವ ಇಂಜೆಕ್ಷನ್‌ಗಳ ಸಾಲು: ಮೊದಲ ದಿನ ಒಂದು, ಏಳು ದಿನ ಬಿಟ್ಟು ಇನ್ನೊಂದು, ಅದರ ಎರಡು ದಿನದ ಮೇಲೆ ಮೊದಲಿನದ್ದೇ ಮತ್ತೊಮ್ಮೆ, ಅದಾಗಿ 16ರಿಂದ 24 ಗಂಟೆಯೊಳಗೆ ಸೆಮೆನ್. ಇಲ್ಲಿ ಬೆದೆ ಕಾಯುವ ಕೆಲಸವೇ ಇಲ್ಲ. ಹೊಲದ ಕೆಲಸದಲ್ಲಿ ಬೆದೆ ನೋಡಲು ಆಗದ ಮನೆಗೆ ಇದು ಅನುಕೂಲ. ಆದರೆ ನಾಲ್ಕು ಸಲವೂ ಡಾಕ್ಟರು ಹೊತ್ತಿಗೆ ಸರಿಯಾಗಿ ಬರುವ ಭರವಸೆ ಇರಬೇಕು. ಒಂದು ದಿನ ಆಚೀಚೆ ಆದರೂ ಕೊಟ್ಟದ್ದೆಲ್ಲ ವ್ಯರ್ಥ. ಬೆದೆ ಸರಿ ಬಂದು ಅಂಡ ತಡವಾಗಿ ಬಿಡುವ ಆಕಳಿಗೆ ಇಷ್ಟೆಲ್ಲ ಬೇಕಾಗಿಲ್ಲ. ಸೆಮೆನ್ ಹಾಕುವಾಗ ಒಂದು ಇಂಜೆಕ್ಷನ್, ಇಲ್ಲವೇ 24 ಗಂಟೆ ಬಿಟ್ಟು ಎರಡನೇ ಕಡ್ಡಿ ಸಾಕಾಗಬಹುದು.

ಗರ್ಭಕೋಶಕ್ಕೆ ಔಷಧಿ ಬಿಡುವುದು ಸೋಂಕಿದ್ದ ಆಕಳಿಗೆ. ಇದನ್ನು ಅಳೆಯುವ ಮೊದಲ ಕನ್ನಡಿ ಅದೇ ಲೋಳೆ. ಅದು ತಿಳಿಯಾಗಿದ್ದರೆ ಸರಿ. ಮೊಸರಿನ ಚೂರು ಬೆರೆತ ಹಾಗೆ ಇದ್ದರೆ, ಹಳದಿ ಇದ್ದರೆ, ವಾಸನೆ ಇದ್ದರೆ ಒಳಗೆ ಕೀವಿದೆ. ಈದಾಗ ಕಸ (ಮಾಸು) ಬೀಳದೆ ಕೈಹಾಕಿ ಕಿತ್ತ ಆಕಳುಗಳಲ್ಲಿ ಇದು ಜಾಸ್ತಿ. ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಸಣ್ಣ ಉರಿ ಇರಬಹುದು. ಲೋಳೆಗೆ ಕ್ಷಾರದ ದ್ರಾವಣ ಬೆರೆಸಿ ಕಾಯಿಸಿ, ಹಳದಿಗೆ ತಿರುಗುವುದೋ ಅಂತ ಡಾಕ್ಟರು ನೋಡಬಲ್ಲರು. ಸೋಂಕಿದ್ದ ಆಕಳಿಗೆ ಆ ಬೆದೆಯಲ್ಲಿ ಸೆಮೆನ್ ಹಾಕಿಸದೆ ಔಷಧಿ ಮಾಡಿಸಿ, ಮುಂದಿನ ಬೆದೆಯ ಲೋಳೆ ತಿಳಿಯಾದ ಮೇಲೆ ಹಾಕಿಸಬೇಕು. ಸೋಂಕಿಲ್ಲದ ಆಕಳಿಗೂ "ಒಮ್ಮೆ ತೊಳೆದು ಬಿಡೋಣ" ಅನ್ನುವವರಿದ್ದಾರೆ. ಬೇಡ. ಚೆನ್ನಾಗಿದ್ದ ಒಳಪದರ ಸುಟ್ಟುಹೋಗುತ್ತದೆ.

ಕಷ್ಟದ ಕೇಸುಗಳಿಗೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಮನೆಗೇ ಬರುವ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು.

ನಾಟಿ ಮದ್ದು

ಬೆದೆಯ ಮೊದಲ ಅಥವಾ ಎರಡನೇ ದಿನದಿಂದ ಶುರು ಮಾಡಿ ಐದು ದಿನ ದಿನಕ್ಕೊಂದು ಬಿಳಿ ಮೂಲಂಗಿ. ಆಮೇಲೆ ನಾಲ್ಕು ದಿನ ಲೋಳೆಸರದ ಎಸಳು, ನಾಲ್ಕು ದಿನ ನುಗ್ಗೆ ಸೊಪ್ಪು, ನಾಲ್ಕು ದಿನ ಮಂಗರವಳ್ಳಿ, ಕೊನೆಗೆ ನಾಲ್ಕು ದಿನ ಅರಿಶಿನದ ಜೊತೆ ಕರಿಬೇವು. ಎಲ್ಲಕ್ಕೂ ಬೆಲ್ಲ, ಉಪ್ಪು ಸೇರಿಸಿ ಬಾಯಿಗೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ರೈತರಿಗೆ ಹೇಳುವ ಕ್ರಮ ಇದು. ಖರ್ಚಿಲ್ಲ, ಹಿತ್ತಲಲ್ಲೇ ಸಿಗುತ್ತದೆ, ಹಾನಿ ಇಲ್ಲ. ಲೋಳೆ ತಿಳಿಯಿದ್ದು ಮೂರು ಸಲ ತಪ್ಪಿದ ಆಕಳಿಗೆ ಒಂದು ಚಕ್ರ ಮಾಡಿ ನೋಡುವುದಕ್ಕೆ ನಾನು ಹೂಂ ಅನ್ನುತ್ತೇನೆ. ಕೀವು ಬೀಳುವ ಆಕಳಿಗೆ ಇದನ್ನೇ ನಂಬಿ ಎರಡು ತಿಂಗಳು ಕೂರಬೇಡಿ.

ಕಂದು ಹಾಕಿದರೆ

ಇಲ್ಲಿ ಹೋಲಿಕೆಗೆ ಜಾಗ ಕಡಿಮೆ. ಆರು ತಿಂಗಳು ದಾಟಿದ ಗಬ್ಬ ಬಿತ್ತು ಅಂದರೆ ಬ್ರುಸೆಲ್ಲಾ (ಕಂದು ಹಾಕುವ ರೋಗ) ಅಂತಲೇ ಅನುಮಾನಿಸಿ ರಕ್ತ ಪರೀಕ್ಷೆ ಮಾಡಿಸಿ. ಈ ರೋಗ ಮನುಷ್ಯರಿಗೂ ಹತ್ತುತ್ತದೆ. ಬಂದು ಹೋಗುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ ಸುಸ್ತು. ಬಿದ್ದ ಕರು, ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಳ್ಳಿ, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ನಾಯಿಗಳು ಎಳೆದುಕೊಂಡು ಹೋಗದಂತೆ ನೋಡಿಕೊಳ್ಳಿ. ಹಾಲು ಕುದಿಸದೆ ಯಾರೂ ಕುಡಿಯಬಾರದು. ಅಂಥ ಆಕಳನ್ನು ಹೋರಿಯ ಹತ್ತಿರ ಒಯ್ಯಲೇಬಾರದು. ಆಕಳಿಗೆ ಇದಕ್ಕೆ ನಂಬುವಂಥ ಔಷಧಿ ಇಲ್ಲ. ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ, ಜೀವನದಲ್ಲಿ ಒಮ್ಮೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಸರ್ಕಾರವೇ ಹಾಕುತ್ತದೆ. ಮನೆಯಲ್ಲಿ ಆ ವಯಸ್ಸಿನ ಕರು ಇದ್ದರೆ ಕೇಳಿ ಹಾಕಿಸಿ.

ಮೂರು ಮನೆ, ಮೂರು ಲೆಕ್ಕ

ರೋಣದ ಕಡೆ ಒಂದು ಮನೆ ಅಂತ ಇಟ್ಟುಕೊಳ್ಳಿ. ಎರಡು ಜವಾರಿ ಆಕಳು, ಒಣ ಬೇಸಾಯ, ಈದು ಐದು ತಿಂಗಳಾದರೂ ಬೆದೆ ಇಲ್ಲ, ಎಲುಬು ಕಾಣುತ್ತಿದೆ. ಇಲ್ಲಿ ಹಾರ್ಮೋನಿಗೆ ಒಂದು ರೂಪಾಯಿಯೂ ಹಾಕಬೇಡಿ. ಗಬ್ಬ ಪರೀಕ್ಷೆ, ಜಂತಿನ ಔಷಧಿ, ದಿನಕ್ಕೆ ಒಂದೂವರೆ ಕಿಲೋ ಕಾಳು-ಹಿಂಡಿ, ಮಿನರಲ್, ಸಿಕ್ಕಷ್ಟು ಹಸಿಮೇವು. ಕರು ದೊಡ್ಡದಾಗಿದ್ದರೆ ದಿನವಿಡೀ ಮೊಲೆಗೆ ಬಿಡುವುದು ನಿಲ್ಲಿಸಿ. ಎರಡು ತಿಂಗಳು ನೋಡಿ, ಆಮೇಲೂ ಬೆದೆ ಬಾರದಿದ್ದರೆ ಪ್ರೊಜೆಸ್ಟರಾನ್ ಸಾಧನ.

ಹಾವೇರಿ ಹತ್ತಿರದ ಇನ್ನೊಂದು ಮನೆಯಲ್ಲಿ ಹದಿನೈದು ಲೀಟರಿನ ಎಚ್‌ಎಫ್ ಆಕಳು, ಮೈ ಚೆನ್ನಾಗಿದೆ, 21 ದಿನಕ್ಕೆ ಸರಿಯಾಗಿ ಬೆದೆ, ನಾಲ್ಕು ಸಲ ಸೆಮೆನ್ ತಪ್ಪಿದೆ. ಇಲ್ಲಿ ಮೇವಿನ ಪಾಕೀಟು ಕೊಳ್ಳುವುದಕ್ಕಿಂತ ಲೋಳೆಯ ಪರೀಕ್ಷೆಗೆ, ಡಾಕ್ಟರ ತಪಾಸಣೆಗೆ ಖರ್ಚು ಮಾಡಿ. ಸೋಂಕಿದ್ದರೆ ಔಷಧಿ ಮಾಡಿಸಿ ಒಂದು ಬೆದೆ ಬಿಡಿ. ಸೋಂಕಿಲ್ಲದಿದ್ದರೆ ಸೆಮೆನ್ ಜೊತೆ ಇಂಜೆಕ್ಷನ್, ಹಾಕುವವರನ್ನು ಬದಲಿಸಿ ನೋಡುವುದು, ಕೊನೆಗೆ ಪರೀಕ್ಷೆ ಆದ ಹೋರಿ. ಇಷ್ಟಕ್ಕೂ ನಿಲ್ಲದೆ ಈದು ಒಂದೂವರೆ ವರ್ಷ ದಾಟಿದರೆ ಇಟ್ಟುಕೊಳ್ಳುವ ಲೆಕ್ಕ ಮತ್ತೆ ಹಾಕಬೇಕು.

ಮೂರನೇ ಮನೆಯಲ್ಲಿ ಹನ್ನೆರಡು ವರ್ಷದ ಆಕಳು. ಗರ್ಭಕೋಶ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡಿದೆ ಅಂತ ಇಬ್ಬರು ಡಾಕ್ಟರು ಹೇಳಿದ್ದಾರೆ. ಇದಕ್ಕೆ ಇನ್ನು ಔಷಧಿ ಬೇಡ. ರಾಜ್ಯದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ಪ್ರಕಾರ ಆಕಳನ್ನು ಕಸಾಯಿಗೆ ಮಾರುವಂತಿಲ್ಲ, ಗೊಡ್ಡಾಕಳಿಗೆ ಸಂತೆಯಲ್ಲಿ ಗಿರಾಕಿಯೂ ಕಷ್ಟ. ಇರುವ ದಾರಿ ಎರಡು: ಮನೆಯಲ್ಲೇ ಕಣಕಿ ಹಾಕಿಕೊಂಡು ಸಗಣಿ-ಗೊಬ್ಬರಕ್ಕೆ ಇಟ್ಟುಕೊಳ್ಳುವುದು, ಇಲ್ಲವೇ ಗೋಶಾಲೆ. ಎಕರೆಗಟ್ಟಲೆ ಹೊಲಕ್ಕೆ ಗೊಬ್ಬರ ಬೇಕಾದವರಿಗೆ ಮೊದಲನೆಯದೇ ಒಗ್ಗುತ್ತದೆ. ಅದರ ಮಗಳ ಕರು ಕೊಟ್ಟಿಗೆಯಲ್ಲಿ ಇದ್ದರೆ ಉಳಿಯುವ ಹಿಂಡಿಯನ್ನು ಆ ಕರುವಿಗೆ ಹಾಕಿ.